ಆಸನ ಒಪ್ಪದ ವಯಸ್ಸು

ನೀಲಗಂಗವ್ವ ಆಸನದ ಹಿಡಿಯ ಮೇಲೆ ಅಂಗೈ ಇಟ್ಟರು. ಆಸನ ಕ್ಷಣಕಾಲ ಯೋಚಿಸಿತು. ಬಳಿಕ, ಮಡಿಚಿಕೊಂಡಂತೆಯೇ ಇದ್ದು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿತು: "ವಯಸ್ಸು ಇಪ್ಪತ್ತಾರು. ದಯವಿಟ್ಟು ಹಿರಿಯರಿಗೆ ಸ್ಥಳ ಬಿಡಿ."

ಅವರಿಗೆ ಎಪ್ಪತ್ತೆಂಟು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸುಗಳಿಗೆ ಈ 'ವಯೋಮಾಪಕ ಆಸನ' ಬಂದು ಮೂರು ವರ್ಷವಾಗಿತ್ತು. ನಮ್ಮ ಜೀವಕೋಶಗಳೊಳಗಿನ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಅಂಚು ಇರುತ್ತದೆ. ಕೋಶ ಒಂದು ಎರಡಾದಾಗಲೆಲ್ಲ ಈ ಅಂಚು ತುಸು ಸವೆಯುತ್ತದೆ. ಹಿಡಿಗೆ ಅಂಟಿದ ಚರ್ಮದ ಕೋಶಗಳಲ್ಲಿ ಆಸನ ಆ ಸವೆತವನ್ನು ಅಳೆದು, ಅಂಚು ಗಿಡ್ಡವಾಗಿದ್ದವರಿಗೆ ಮಾತ್ರ ತೆರೆದುಕೊಳ್ಳುತ್ತಿತ್ತು. ಅರ್ಹರಿಗೆ ಆಸನವೇ ತೆರೆಯುತ್ತದಲ್ಲ ಎಂದು ಜನ ಒಬ್ಬರಿಗಾಗಿ ಒಬ್ಬರು ಏಳುವುದನ್ನೇ ಬಿಟ್ಟಿದ್ದರು.

"ಅವ್ವಾರ, ನನ್ನ ಕಣ್ಣಿಗೇನೋ ನೀವು ಮುದುಕಿನ ಕಾಣಸ್ತೀರಿ," ಎಂದ ಕಂಡಕ್ಟರ್ ಬಸಲಿಂಗ. "ಮಷೀನಿಗೆ ಕಾಣವಲ್ದು."

"ನಿನ್ನ ಕಣ್ಣು ಛಲೋ ಅದಾವಪ್ಪಾ. ನನ್ನ ಮೊಣಕಾಲು ಛಲೋ ಇಲ್ಲ."

ಅವರ ಗೆಳತಿ ತುಂಗವ್ವ ಸೊಂಟ ಮುರಿದುಕೊಂಡು ಧಾರವಾಡದ ಆಸ್ಪತ್ರೆಯಲ್ಲಿದ್ದರು. ನೀಲಗಂಗವ್ವ ತಿನಿಸಿದರೆ ಮಾತ್ರ ಎರಡು ತುತ್ತು ತಿನ್ನುತ್ತಿದ್ದರು. ದಿನವೂ ನಿಂತೇ ಹೋಗಿ ನೀಲಗಂಗವ್ವನ ಮೊಣಕಾಲು ಊದಿತ್ತು. ಇನ್ನೊಂದು ವಾರ ಹೀಗಾದರೆ ಹೋಗುವುದೇ ನಿಲ್ಲುತ್ತಿತ್ತು.

ಬಸಲಿಂಗ ಕೊಟ್ಟ ದೂರು ತಲುಪಿದ್ದು ಆಸನವನ್ನು ರೂಪಿಸಿದ ಡಾ. ಶಾಹೀನ ಸವಣೂರ ಅವರಿಗೆ. ಅವರು ಗಾಬರಿಯಾದರು: ಮುಪ್ಪಿನಲ್ಲೂ ಅಂಚು ಸವೆಯದಿರುವುದು ಕೆಲವು ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣುವ ಲಕ್ಷಣ. ಎಲ್ಲ ಪರೀಕ್ಷೆ ಮಾಡಿಸಿ, ಗಡ್ಡೆಯಿಲ್ಲ ಎಂದು ಖಾತ್ರಿಯಾದ ಮೇಲೆ ತಾವೇ ನೀಲಗಂಗವ್ವನ ಮನೆಗೆ ಬಂದರು.

"ವರ್ಣತಂತುವಿನ ತುದಿ ಬೆಳೆಸೋ ಕಿಣ್ವ ಒಂದಿದೆ ಅಮ್ಮಾ, ಟೆಲೊಮರೇಸ್ ಅಂತ. ನಿಮ್ಮ ಚರ್ಮದಲ್ಲಿ ಅದು ಇಲ್ಲ. ಆದರೂ ತುದಿ ಉದ್ದ ಇದೆ."

"ಮತ್ತ ಯಾರು ಬೆಳಸ್ಯಾರ?"

ಡಾಕ್ಟರು ಅಲ್ಲಿ ಹರಡಿದ್ದ, ಅಂಚು ಅರ್ಧಕ್ಕೆ ನಿಂತ ಕಸೂತಿ ಸೀರೆಯನ್ನು ನೋಡಿದರು. "ಚಿತ್ತಾರ ಬಾಯಿಪಾಠ ಇರೋವಳು ಬಂದರೆ ಅಂಚು ಮುಂದುವರಿಸ್ತಾಳೆ. ಆಕೆಯೇ ಆ ಕಿಣ್ವ. ಆಕೆ ಬರದಿದ್ದರೆ ಏನು ಮಾಡ್ತೀರಿ?"

"ಬಾಜೂ ಮನಿಯಾಕಿ ಸೀರಿ ಹಾಸ್ಕೊಂಡು, ಎಳಿ ಎಣಿಸಿ, ನೋಡಿ ನೋಡಿ ಹಾಕೂದು."

"ನಿಮ್ಮ ವರ್ಣತಂತುನೂ ಅದನ್ನೇ ಮಾಡ್ತಿದೆ. ಸವೆದ ತುದಿ ಪಕ್ಕದ ವರ್ಣತಂತುವಿನ ತುದಿಗೆ ಸೇರಿಕೊಂಡು, ಅದರ ನಮೂನೆ ನೋಡಿ ತನ್ನದನ್ನು ಹೆಣ್ಕೊಳ್ತದೆ."

"ಆಕಿ ಸೀರಿಗೇನೂ ಕಡಿಮಿ ಆಗೂದಿಲ್ಲ."

"ಇಲ್ಲ."

"ಹಂಗಿದ್ರ ನನ್ನ ಮೊಣಕಾಲಿಗೇನಾಗೇತಿ? ಅದಕ್ಕ ಬಾಜೂ ಮನಿ ಇಲ್ಲೇನು?"

ಡಾಕ್ಟರು ಚಹಾ ಕುಡಿದರು. ಆಸನ ತಿದ್ದಲು ಆರು ವಾರ ಬೇಕು ಎಂದು ಮೆಲ್ಲಗೆ ಒಪ್ಪಿಕೊಂಡರು.

ಮರುದಿನ ಅವರೂ ಜೊತೆಗೆ ಬಸ್ಸು ಹತ್ತಿದರು. ಆಸನ ಮತ್ತೆ ಇಪ್ಪತ್ತಾರು ಎಂದಿತು. ಎದುರಿನ ವಯೋಮಾಪಕ ಆಸನದಲ್ಲಿದ್ದ ಎಂಬತ್ತೊಂದರ ಚನಬಸಪ್ಪ ತಮ್ಮ ಕೋಲು ಊರಿ ಎದ್ದರು.

"ಇಪ್ಪತ್ತಾರು ವರ್ಷದ ಹುಡುಗಿ ನಿಂತಿರುವಾಗ ನಾ ಹ್ಯಾಂಗ ಕುಂದರ್ಲಿ? ಬರ್ರಿ."

ಬಸ್ಸೆಲ್ಲ ನಕ್ಕಿತು. ಅವರು ಎದ್ದೊಡನೆ ಆ ಆಸನವೂ ಫಟ್ಟನೆ ಮಡಿಚಿಕೊಂಡು, ನೀಲಗಂಗವ್ವನ ಕೈಗೆ ಅದೇ ಉತ್ತರ ಕೊಟ್ಟಿತು. ಈಗ ಇಬ್ಬರು ಮುದುಕರು ನಿಂತರು. ಹಿಂದಿನ ಸಾಲಿನ ಮಾಮೂಲಿ ಸೀಟಿನಲ್ಲಿದ್ದ ಕಾಲೇಜು ಹುಡುಗಿಗೆ ತಡೆಯಲಾಗಲಿಲ್ಲ. ಎದ್ದು, "ಅಜ್ಜೀ, ಇಲ್ಲಿ ಕುಂದರ್ರಿ" ಎಂದಳು. ಅವಳನ್ನು ನೋಡಿ ಪಕ್ಕದ ಬ್ಯಾಂಕ್ ಗುಮಾಸ್ತನೂ ಚನಬಸಪ್ಪನವರಿಗಾಗಿ ಎದ್ದ. ಅವನನ್ನು ನೋಡಿ ಇನ್ನೊಬ್ಬರು, ಯಾರಿಗೆಂದು ತಿಳಿಯದೆಯೇ ಎದ್ದು, ಸುಮ್ಮನೆ ನಿಂತರು.

ತುಂಗವ್ವ ಅಂದು ಮೂರನೆಯ ತುತ್ತೂ ತಿಂದರು.

ಆರು ವಾರದ ಹೊತ್ತಿಗೆ ಆಸನಗಳು ಸರಿಹೋದವು. ಆಮೇಲೆ ಡಾ. ಶಾಹೀನ ಅವರಿಗೆ ಬಸ್ ಕಚೇರಿಯಿಂದ ಪತ್ರ ಬಂತು: "ಈ ಮಾರ್ಗದ ವಯೋಮಾಪಕ ಆಸನಗಳು ಒಂದು ತಿಂಗಳಿಂದ ಒಮ್ಮೆಯೂ ತೆರೆದಿಲ್ಲ. ಈ ಭಾಗದ ವೃದ್ಧರು ಏನಾದರು? ಕಾರಣ ತಿಳಿಸಿ."

ಡಾಕ್ಟರು ಪತ್ರವನ್ನು ಬಸ್ಸಿನಲ್ಲೇ ಓದಿ, ಉತ್ತರ ಬರೆಯಲು ಪೆನ್ನು ತೆಗೆದರು. ಅಕ್ಷರಗಳು ಅಂಕುಡೊಂಕಾದವು. ತಮ್ಮ ಜಾಗವನ್ನು ಆಗಷ್ಟೇ ಯಾರಿಗೋ ಬಿಟ್ಟುಕೊಟ್ಟು ಅವರು ನಿಂತಿದ್ದರು.