ದೇಮಣಾರ್ಯರು ಎತ್ತಿದ ರಣವೀಳ್ಯ

ಕೂಡಲಗಿರಿಯ ಪೂರ್ವದ ಮಹಾದ್ವಾರದಲ್ಲಿ ಪಟ್ಟದಾನೆಯ ಗಂಟೆ, ಹೂವಾಡಗಿತ್ತಿಯರ ಕೂಗು, ಗುಡಿಯ ಧೂಪ ಎಲ್ಲವೂ ಮೊದಲಿನಂತೆಯೇ ಇದ್ದವು. ಕಲ್ಲುಕುಟಿಗರ ಉಳಿಯ ಸದ್ದೊಂದು ಮಾತ್ರ ಹೊಸದು. ಹೋದ ವರ್ಷದ ಯುದ್ಧದಲ್ಲಿ ಮಡಿದವರಿಗೆ ಅಲ್ಲಿ ವೀರಗಲ್ಲುಗಳು ಏಳುತ್ತಿದ್ದವು. ಆಸ್ಥಾನ ವಿದ್ವಾಂಸರಾದ ದೇಮಣಾರ್ಯರಿಗೆ ಆ ಸದ್ದು ಜಪಕ್ಕೆ ಕುಳಿತರೂ ಬಿಡದು, ಊಟಕ್ಕೆ ಕುಳಿತರೂ ಬಿಡದು. ಬಿಡುವುದಾದರೂ ಹೇಗೆ? ಕಾಡು ಸುಟ್ಟಲ್ಲದೆ ಹೊಸ ಹುಲ್ಲು ಚಿಗುರದು, ಯುದ್ಧವಿಲ್ಲದೆ ನಾಡಿಗೆ ನವಜೀವನ ಬಾರದು ಎಂದು ತುಂಬಿದ ಸಭೆಯಲ್ಲಿ ವ್ಯಾಖ್ಯಾನಿಸಿದವರು ಅವರೇ. ಅದನ್ನು ಬಾಯಿಪಾಠ ಮಾಡಿಕೊಂಡು ಹೋದ ಶಿಷ್ಯರೆಲ್ಲ ಈಗ ಕಲ್ಲಾಗಿ ನಿಂತಿದ್ದರು.

ಗಡಿಯಾಚೆಯ ನಾಡಿನ ಮೇಲೆ ಮತ್ತೆ ದಂಡೆತ್ತಿಸಲು ಹವಣಿಸುತ್ತಿದ್ದ ಮಹಾಪ್ರಧಾನ ಬಾಚರಸರಿಗೆ ಅದೇ ವ್ಯಾಖ್ಯಾನ ಮತ್ತೊಮ್ಮೆ ಬೇಕಾಗಿತ್ತು. ಸಭೆಯಲ್ಲಿಟ್ಟ ರಣವೀಳ್ಯವನ್ನು ಎತ್ತಿಕೊಂಡವನೇ ದಂಡಿನ ಮುಂದಾಳು. ಯಾರೂ ಎತ್ತದಿದ್ದರೆ ಅರಸನೇ ಹೊರಡಬೇಕು. ಇದು ಆ ಮನೆತನದ ಕಟ್ಟಳೆ. ಬಾಚರಸರು ನಾಯಕರನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡು, ಯಾರೂ ವೀಳ್ಯಕ್ಕೆ ಕೈಚಾಚದಂತೆ ಮಾಡಿದ್ದರು. ಹರೆಯದ ಅರಸು ನನ್ನಿದೇವ ರಣದಲ್ಲಿ ಮಡಿದರೆ ಸಿಂಹಾಸನ ಅವರದು. ಈ ಸಂಚು ದೇಮಣಾರ್ಯರ ಕಿವಿಗೆ ಬಿದ್ದಿತ್ತು, ಆದರೆ ಸಾಕ್ಷಿಯಿರಲಿಲ್ಲ. ನನ್ನಿದೇವನ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರೇ.

ಹೊನ್ನ ಹರಿವಾಣದಲ್ಲಿ ವೀಳ್ಯ ಬಂತು.

"ಆರ್ಯರೆ, ಯುದ್ಧದ ಮಹಿಮೆಯನ್ನು ಪ್ರಭುಗಳಿಗೆ ನಿವೇದಿಸಿರಿ," ಎಂದರು ಬಾಚರಸರು.

"ಪ್ರಭು, ಹಿಂದೆ ನಾನು ಹೇಳಿದ್ದು ಸುಳ್ಳು. ಸುಟ್ಟ ಕಾಡನ್ನು ಕಂಡಿದ್ದೆ, ಸುಟ್ಟ ಮನೆಯನ್ನು ಕಂಡಿರಲಿಲ್ಲ."

ಯಾವ ನಾಯಕನೂ ಮಿಸುಕಲಿಲ್ಲ. ಅವಮಾನದಿಂದ ಮುಖ ಕೆಂಪಾದ ನನ್ನಿದೇವ ಪೀಠದಿಂದ ಏಳುವಷ್ಟರಲ್ಲಿ ದೇಮಣಾರ್ಯರ ಕೈ ವೀಳ್ಯವನ್ನು ಎತ್ತಿಕೊಂಡಿತು. ಎತ್ತುವವನು ಯೋಧನೇ ಆಗಿರಬೇಕೆಂದು ಕಟ್ಟಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಎಲ್ಲರ ಕೈ ಕಟ್ಟಿಹಾಕಿದ ಬಾಚರಸರು ಈ ಮುದುಕನ ಕೈಯನ್ನು ಮರೆತಿದ್ದರು.

ಮುಂದಾಳಿನ ಮೊದಲ ಅಪ್ಪಣೆಯೆಂದು ಅವರು ದಂಡನ್ನು ಬೀಡಿನಲ್ಲಿಯೇ ನಿಲ್ಲಿಸಿದರು. ವೀಳ್ಯ ಹಿಡಿದವನು ಗಡಿ ದಾಟಲೇಬೇಕಾದ್ದರಿಂದ ತಾವೊಬ್ಬರೇ ಹೋಗುವುದಾಗಿ ಹೇಳಿದರು.

"ಗುರುಗಳೇ, ಅಲ್ಲಿರುವುದು ಸಾವು," ಎಂದು ಅರಸ ಅಡ್ಡ ಬಂದ.

"ಅಹುದು ಪ್ರಭು. ನಾನು ಹೊಗಳಿದ್ದು ಇದನ್ನೇ."

ವೀರಗಲ್ಲುಗಳ ಸಾಲಿನಲ್ಲಿ ಶಿಷ್ಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತ ಅವರು ನಡೆದುಹೋದರು. ಓಗೊಟ್ಟಂತೆಯೂ ಅವರಿಗೆ ಕೇಳಿಸಿರಬೇಕು, ನಡುನಡುವೆ ನಿಂತು ತಲೆಯಾಡಿಸುತ್ತಿದ್ದರು. ಗಡಿಯಾಚೆಯ ಕಾವಲಿನವರ ಬಾಣಕ್ಕೆ ಸಿಕ್ಕಿ ಬಿದ್ದ ಅವರ ದೇಹವನ್ನು ಹೊತ್ತು ತಂದ ದಿನ, ನಾಯಕನೊಬ್ಬ ನಾಚಿ ಅರಸನೆದುರು ಸಂಚನ್ನೆಲ್ಲ ಒಪ್ಪಿಕೊಂಡ. ಬಾಚರಸರು ಸೆರೆಯಾದರು, ಯುದ್ಧ ಅಲ್ಲಿಗೇ ನಿಂತಿತು.

ಆ ಸಾಲಿನ ಕೊನೆಯಲ್ಲಿ ಆಯುಧವಿಲ್ಲದ ವೀರನ ಕಲ್ಲೊಂದು ನಿಂತಿತು, ಕೈಯಲ್ಲಿ ವೀಳ್ಯ. ಅದರ ಕೆಳಗೆ ಪ್ರಶಸ್ತಿಯ ಪದ್ಯ ಬರೆಯಲು ಬಂದ ಹೊಸ ವಿದ್ವಾಂಸರನ್ನು, ಸಾವನ್ನು ಹೊಗಳಿದ್ದು ಸಾಕೆಂದು ನನ್ನಿದೇವ ಹಿಂದಕ್ಕೆ ಕಳುಹಿಸಿದ.