ನಲವತ್ತೇಳನೆಯ ನಂಬರಿನ ಮನೆ

“ಕಾಶಿ, ನಿಮ್ಮ ಮನಿ ನಂಬರ್ ಎಷ್ಟು?”

ಮಹಾದೇವಕ್ಕ ಟೀಚರು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಕಾಶೆವ್ವ ಎದ್ದು ನಿಂತಳು. ಕೈ ತಾನಾಗಿಯೇ ಲಂಗದ ಅಂಚನ್ನು ಹಿಡಿದು ತಿರುವತೊಡಗಿತು.

ಊರಲ್ಲಿ ಸಿಡುಬಿನ ಲಸಿಕೆ ಹಾಕುವವರು ಮನೆಮನೆಗೆ ಹೊರಟಿದ್ದರು. ದಾಂಡೇಲಿಯ ಜನ ಅದಕ್ಕೆ ‘ದೇವಿ ಹಾಕೋದು’ ಅನ್ನುತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಪಟ್ಟಿ ಶಾಲೆಯಿಂದ ಹೋಗಬೇಕಿತ್ತು. ನಾಲ್ಕನೆಯ ತರಗತಿಯ ಮಕ್ಕಳೆಲ್ಲ ಹನ್ನೆರಡು, ಮೂವತ್ತೊಂದು ಎಂದು ಪಟಪಟ ಹೇಳಿ ಕೂತಾಗಿತ್ತು.

ಕಾಶಿಗೆ ಹೇಳಲು ಮನೆಯೇ ಇರಲಿಲ್ಲ.

ಅವಳ ಅಪ್ಪ ಸೋಮಪ್ಪನಿಗೆ ಪೇಪರ್ ಮಿಲ್ಲಿನ ಬಿದಿರು ಅಂಗಳದಲ್ಲಿ ಕೆಲಸ ಸಿಕ್ಕು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅಪ್ಪ, ಅವ್ವ, ಕಾಶಿ, ಪುಟ್ಟ ತಮ್ಮ ದ್ಯಾಮ್ಯಾ ನಾಲ್ವರೂ ಸಾತಪ್ಪ ದೊಡ್ಡಪ್ಪನಿಗೆ ಮಿಲ್ಲು ಕೊಟ್ಟಿದ್ದ ಕ್ವಾರ್ಟರ್ಸಿನಲ್ಲೇ ಇದ್ದರು. ಆದರೆ ಕೆಲಸಗಾರನ ಹೆಂಡತಿ ಮಕ್ಕಳನ್ನು ಬಿಟ್ಟು ಬೇರೆ ಯಾರೂ ಅಲ್ಲಿ ಇರುವಂತಿರಲಿಲ್ಲ. ಗೊತ್ತಾದರೆ ದೊಡ್ಡಪ್ಪನ ಕ್ವಾರ್ಟರ್ಸೇ ಹೋಗುತ್ತಿತ್ತು. “ಯಾರರ ಕೇಳಿದ್ರ, ನಾಕ ದಿನಕ್ಕ ಊರಿಂದ ಬಂದೇವಿ ಅನ್ನು” ಎಂದು ಅಪ್ಪ ಹೇಳಿಕೊಟ್ಟಿದ್ದ. ನಾಲ್ಕು ದಿನಕ್ಕೆ ಬಂದವರು ಶಾಲೆಗೆ ಸೇರುತ್ತಾರೆಯೇ?

“ನಲವತ್ತೇಳ್ರಿ,” ಎಂದಳು ಕಾಶಿ.

ಅದು ಅವಳು ದಿನಾ ನೋಡುತ್ತಿದ್ದ ನಂಬರು. ಶಾಲೆಯ ದಾರಿಯಲ್ಲಿ ಒಂದು ನೀಲಿ ಬಾಗಿಲ ಮೇಲೆ ಡಾಂಬರಿನಿಂದ ದಪ್ಪಗೆ ಬರೆದಿದ್ದರು.

“ಮಕ್ಕಳೆಷ್ಟು?”

“ಎರಡ್ರಿ. ನಾನು, ನನ್ನ ತಮ್ಮ ದ್ಯಾಮ್ಯಾ.” ಈ ಮಾತೇನೋ ಖರೆಯೇ ಇತ್ತು. ಕಾಶಿ ಕೂತಳು. ಎದೆ ಮಾತ್ರ ಶಾಲೆ ಬಿಡುವವರೆಗೂ ಕೂರಲಿಲ್ಲ.

ಮನೆ ಹುಡುಕಿರಲಿಲ್ಲವೆಂದಲ್ಲ. ಪ್ರತಿ ರವಿವಾರ ಅಪ್ಪನ ಜೊತೆ ಕಾಶಿಯೂ ಓಣಿ ಓಣಿ ಸುತ್ತುತ್ತಿದ್ದಳು. “ಸಣ್ಣ ಮಕ್ಕಳದಾವೇನು? ಹಂಗಾರ ಬ್ಯಾಡ್ರಿ,” ಎಂದರು ಒಬ್ಬರು. “ನಮ್ಮ ಕಡಿ ಮಂದಿಗಷ್ಟ ಕೊಡ್ತೇವಿ,” ಎಂದರು ಇನ್ನೊಬ್ಬರು. ಮತ್ತೊಂದು ಕಡೆ ಅಪ್ಪ ಅಂದದ್ದು ಅವರಿಗೆ ತಿಳಿಯಲಿಲ್ಲ, ಅವರು ಅಂದದ್ದು ಅಪ್ಪನಿಗೆ ತಿಳಿಯಲಿಲ್ಲ. ಬಾಗಿಲು ಮುಚ್ಚಿದ್ದು ಮಾತ್ರ ಇಬ್ಬರಿಗೂ ತಿಳಿಯಿತು. ಮಿಲ್ಲು ಬಂದ ಮೇಲೆ ಧಾರವಾಡ, ಬೆಳಗಾವಿ, ಕೊಲ್ಹಾಪುರ, ಗೋವಾ, ಕೇರಳ ಎಲ್ಲ ಕಡೆಯಿಂದ ಜನ ದಾಂಡೇಲಿಗೆ ಬಂದುಬಿಟ್ಟಿದ್ದರು. ಮನೆಗಳು ಮಾತ್ರ ಇನ್ನೂ ಬಂದಿರಲಿಲ್ಲ.

ನಾಲ್ಕು ದಿನ ಕಳೆಯಿತು. ಕಾಶಿ ಆ ನಂಬರನ್ನು ಮರೆತೇ ಬಿಟ್ಟಿದ್ದಳು.

ಐದನೆಯ ದಿನ, ಇನ್ನೇನು ಊಟದ ಗಂಟೆ ಹೊಡೆಯಬೇಕು, ಆಗ ಬಾಗಿಲಲ್ಲಿ ಒಬ್ಬ ದೊಡ್ಡ ಹೆಂಗಸು ಬಂದು ನಿಂತಳು. ಕಚ್ಚೆ ಸೀರೆ, ಹಣೆಯ ಮೇಲೆ ಹಸಿರು ಹಚ್ಚೆ, ಮೊಣಕೈವರೆಗೆ ಜೋಳದ ಹಿಟ್ಟು. ಅವಳ ಹಿಂದೆ ಚೀಲ ತಗುಲಿಸಿಕೊಂಡು ದೇವಿ ಹಾಕುವವನು ಬೆವರು ಒರೆಸಿಕೊಳ್ಳುತ್ತಿದ್ದ.

“ಕಾಶೆವ್ವಾ ಕೋಣ ಆಹೇ?” ಎಂದು ಗುಡುಗಿದಳು ಆ ಹೆಂಗಸು.

ತರಗತಿ ಹಂಚು ಹಾರುವಂತೆ ನಕ್ಕಿತು.

“ಕಾಶಿ ಕೋಣ ಅಲ್ರಿ, ಹುಡಿಗಿ ಐತ್ರಿ!” ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

“ಸುಮ್ಮಕ ಕೂಡ್ರಿ!” ಎಂದರು ಮಹಾದೇವಕ್ಕ ಟೀಚರು. ಅವರಿಗೂ ನಗು ತಡೆಯುವುದು ಕಷ್ಟವಾಗಿತ್ತು. “ಮರಾಠಿಯೊಳಗ ಕೋಣ ಅಂದ್ರ ಯಾರು ಅಂತ. ಏನಾತ್ರಿ ಗೋದುಬಾಯಿ?”

ಗೋದುಬಾಯಿ ಮರಾಠಿಯಲ್ಲಿ ಸುರು ಮಾಡಿ ಕನ್ನಡಕ್ಕೆ ಬಂದಳು. “ಈ ಮನಷ್ಯಾ ಮುಂಜಾನಿಂದ ನನ್ನ ಬಾಗಲದಾಗ ನಿಂತಾನ್ರಿ. ನನ್ನ ಮನ್ಯಾಗ ಎರಡ ಮಕ್ಕಳದಾವಂತ. ನಾ ಅವರನ್ನ ಬಚ್ಚಿಟ್ಟೇನಂತ. ಹಿಟ್ಟಿನ ಡಬ್ಬಿ ಮುಚ್ಚಳ ಸೈತ ತಗದ ನೋಡಿದಾ! ನನಗ ಮಕ್ಕಳ ಇಲ್ಲ, ಎಲ್ಲಿಂದ ತರ್ಲಿ?”

“ಪಟ್ಟಿಯೊಳಗ ಐತ್ರಿ, ಅಕ್ಕಾರ,” ಎಂದ ದೇವಿ ಹಾಕುವವನು. “ಅಂಜಿ ಮಕ್ಕಳನ್ನ ಬಚ್ಚಿಡೋ ಮಂದಿ ಭಾಳ ಐತಿ. ನಿನ್ನಿ ಒಬ್ಬಾಕಿ ಮಗನ್ನ ಹಾಸಿಗಿಯೊಳಗ ಸುತ್ತಿ ಇಟ್ಟಿದ್ಲು.”

ಎಲ್ಲರ ಕಣ್ಣೂ ಕಾಶಿಯ ಕಡೆ ತಿರುಗಿದವು. ಅವಳು ಎದ್ದು ನಿಂತಳು.

“ನೀ ನನ್ನ ಮನ್ಯಾಗ ಇರ್ತೀ ಏನ ಪೋರಿ?” ಎಂದಳು ಗೋದುಬಾಯಿ.

ಖರೆ ಹೇಳಿದರೆ ದೊಡ್ಡಪ್ಪನ ಕ್ವಾರ್ಟರ್ಸು ಹೋಗುತ್ತದೆ. ಸುಳ್ಳು ಹೇಳಲು ಇನ್ನು ಸುಳ್ಳೇ ಉಳಿದಿರಲಿಲ್ಲ. ಕಾಶಿ ತುಟಿ ಕಚ್ಚಿಕೊಂಡಳು. ಕಣ್ಣೀರು ಮಾತ್ರ ಕೇಳದೆ ಇಳಿಯಿತು.

ಗೋದುಬಾಯಿ ಸೊಂಟದ ಮೇಲಿಟ್ಟಿದ್ದ ಕೈ ಇಳಿಸಿದಳು. “ನಡಿ. ನನ್ನ ಮನ್ಯಾಗ ನಿನ್ನ ಖೋಲಿ ಯಾವುದು, ತೋರಸು ಬಾ.”

“ನಾನೂ ಬರ್ತೇನ್ರಿ,” ಎಂದು ಟೀಚರು ಕಾಶಿಯ ಕೈ ಹಿಡಿದರು. ಆಗಲೇ ಊಟದ ಗಂಟೆ ಹೊಡೆಯಿತು.

ನೀಲಿ ಬಾಗಿಲ ಒಳಗೆ ಗೋದುಬಾಯಿಯ ಖಾನಾವಳಿ ಇತ್ತು. ಮಿಲ್ಲಿನ ಮಂದಿ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಅದನ್ನು ದಾಟಿದರೆ ಹಿಂದೊಂದು ಅಂಗಳ. ಅಂಗಳದ ಒಂದು ಬದಿಗೆ ಐದು ಖೋಲಿಗಳ ಚಾಳು. ಕಾಶಿ ಇದನ್ನೆಲ್ಲ ಮೊದಲ ಸಲ ನೋಡಿದಳು.

ಹಪ್ಪಳ ಒಣಗಿಸುತ್ತಿದ್ದ ಕೇರಳದ ಫಿಟರನ ಹೆಂಡತಿ ಎದ್ದು ಬಂದಳು. ಗೋವಾದ ಬಡಿಗ ಪೆದ್ರು ಕೈಯಲ್ಲಿ ಉಜ್ಜುಗೊರಡು ಹಿಡಿದೇ ಬಂದ. ಲಾರಿ ಡ್ರೈವರ್ ಇಮಾಮಸಾಬ ಅರ್ಧ ನಿದ್ದೆಯಲ್ಲಿ ಲುಂಗಿ ಕಟ್ಟಿಕೊಳ್ಳುತ್ತ ಬಂದ. ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಏನಾಯಿತೆಂದು ಕೇಳಿದರು.

“ಥಾಂಬಾ, ಥಾಂಬಾ! ತಡೀರಿ!” ಎಂದು ಗೋದುಬಾಯಿ ಕಾಶಿಯನ್ನು ಮಣೆಯ ಮೇಲೆ ಕೂರಿಸಿದಳು. ಬಿಸಿ ಜೋಳದ ಭಾಕ್ರಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟಳು. “ಮೊದಲ ತಿನ್ನು. ಖಾಲಿ ಹೊಟ್ಟಿಯಿಂದ ಖರೇ ಮಾತ ಹೊರಗ ಬರೂದಿಲ್ಲ.”

ಕಾಶಿ ತಿಂದಳು. ಅರ್ಧ ಭಾಕ್ರಿ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಹೇಳಿದಳು. ದೊಡ್ಡಪ್ಪನ ಕ್ವಾರ್ಟರ್ಸು, ನಾಲ್ಕು ತಿಂಗಳು, ರವಿವಾರದ ಅಲೆದಾಟ. “ದೊಡ್ಡಪ್ಪಂದು ಯಾರಿಗೂ ಹೇಳಬ್ಯಾಡ್ರಿ,” ಎಂದು ಮೂರು ಸಲ ಬೇಡಿಕೊಂಡಳು.

“ಇಷ್ಟ ಮನಿ ಬಿಟ್ಟು ನನ್ನ ಮನಿ ನಂಬರ್ ಯಾಕ ಹೇಳಿದಿ?”

“ನಾನು ಸಾಲಿಗೆ ಹೋಗೂಮುಂದನೂ, ಬರೂಮುಂದನೂ ಇದೊಂದ ಬಾಗಲಾ ತೆರದಿರ್ತೈತ್ರಿ,” ಎಂದಳು ಕಾಶಿ.

ಗೋದುಬಾಯಿ ಎದ್ದು ಹೋಗಿ ಕೊನೆಯ ಖೋಲಿಯ ಅಗುಳಿ ತೆಗೆದಳು. ಒಳಗೆ ಸೂರಿನವರೆಗೆ ಕಟ್ಟಿಗೆ ತುಂಬಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತು, ದೇವಿ ಹಾಕುವವನ ಕಡೆ ತಿರುಗಿದಳು.

“ನಿನ್ನ ಪಟ್ಟಿ ಹಂಗ ಇರ್ಲಿ. ಸರಕಾರದ ಕಾಗದ ತಿದ್ದೂದಕಿಂತ ಕಟ್ಟಗಿ ಸರಸೂದು ಹಗುರ. ಇಬ್ಬರು ಮಕ್ಕಳ ಬೇಕಲ್ಲ ನಿನಗ? ನಾಳೆ ಬಾ, ಹಾಜರ ಮಾಡ್ತೇನಿ.”

ಸಂಜೆ ಮಿಲ್ಲಿನ ಭೋಂಗಾ ಕೂಗಿದಾಗ ಕಾಶಿ ಗೇಟಿನ ಎದುರೇ ನಿಂತಿದ್ದಳು. ಅಪ್ಪ ಬಂದ. ಅವಳು ಹೇಳುತ್ತ ಹೋದ ಹಾಗೆ ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಚಿತು. ಕೊನೆಗೆ ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ.

“ಸುಳ್ಳ ಹೇಳಿದ್ದು ತಪ್ಪಲ್ಲೇನ ಕಾಶಿ?”

“ಹೌದಪ್ಪಾ.”

“ಆ ಮನಿ ಮುಂದ ಹತ್ತ ಸಲ ಅಡ್ಡಾಡೇನಿ. ಖಾನಾವಳಿ ಐತಿ ಅಂತ ಒಳಗ ಕೇಳಾಕ ಹೋಗಲೇ ಇಲ್ಲ ನೋಡು,” ಎಂದು ಅಪ್ಪ ತಲೆ ಕೆರೆದುಕೊಂಡ. ಅಷ್ಟರಲ್ಲಿ ಅವನಿಗೂ ನಗು ಬಂತು. “ಏಳು, ಹೋಗೂಣು. ಆ ಬಾಯಾರ ಮನಸ್ಸು ಬದಲಾಗೂದರಾಗ ಹೋಗೂಣು.”

ನೀಲಿ ಬಾಗಿಲು ದಾಟಿ ಅಪ್ಪ ಎರಡೂ ಕೈ ಜೋಡಿಸಿದ. “ನಮ್ಮ ಹುಡಿಗಿ ತಪ್ಪ ಮಾಡೇತ್ರಿ...”

“ಕೈ ಮುಗಿಯೂದು ಆಮ್ಯಾಲೆ,” ಎಂದು ಗೋದುಬಾಯಿ ಆ ಕೈಗಳ ಮೇಲೆ ಒಂದು ಹೊರೆ ಕಟ್ಟಿಗೆ ಇಟ್ಟಳು. “ಇದನ್ನ ಗ್ವಾಡಿ ಕಡೆ ಒಟ್ಟು.”

ಸುದ್ದಿ ತಿಳಿದು ಅವ್ವ ಮಾಲವ್ವನೂ ದ್ಯಾಮ್ಯಾನನ್ನು ಎತ್ತಿಕೊಂಡು ಬಂದಳು. ಚಾಳಿನವರೆಲ್ಲ ಸಾಲಾಗಿ ನಿಂತರು. ಇಮಾಮಸಾಬನಿಂದ ಪೆದ್ರುಗೆ, ಪೆದ್ರುವಿನಿಂದ ಅಪ್ಪನಿಗೆ, ಅಪ್ಪನಿಂದ ಫಿಟರನಿಗೆ ಕಟ್ಟಿಗೆ ಕೈಯಿಂದ ಕೈಗೆ ಹೊರಟಿತು. ಅರ್ಧ ಖೋಲಿ ಖಾಲಿಯಾಗಿತ್ತು. ಆಗ ಒಂದು ತುಂಡಿನ ಕೆಳಗಿಂದ ಕಪ್ಪಗೆ ಏನೋ ಬಾಲ ಎತ್ತಿಕೊಂಡು ಹೊರಟಿತು.

“ಚೇಳು!” ಎಂದು ಚೀರಿದಳು ಅವ್ವ.

“ವಿಂಚೂ!” ಎಂದಳು ಗೋದುಬಾಯಿ.

“ಬಿಚ್ಛೂ!” ಎಂದ ಇಮಾಮಸಾಬ.

“ತೇಳು! ತೇಳು!” ಎಂದು ಫಿಟರನ ಹೆಂಡತಿ ಹಪ್ಪಳದ ಚಾಪೆಯ ಮೇಲೇ ಹತ್ತಿ ನಿಂತಳು.

ಚೇಳು ಒಂದೇ ಇತ್ತು. ಎಲ್ಲರೂ ಹಾರಿದ್ದೂ ಒಂದೇ ಸಲ. ಗೋದುಬಾಯಿ ಒಲೆಯ ಚಿಮಟ ತಂದು ಅದನ್ನು ಹಿಡಿದು ಬೇಲಿಯಾಚೆ ಒಗೆದಳು. ಆಮೇಲೆ ಮುರಿದ ಹಪ್ಪಳಗಳನ್ನು ನೋಡಿ ಮೊದಲು ನಕ್ಕವಳು ಫಿಟರನ ಹೆಂಡತಿಯೇ. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮರುದಿನ ದೇವಿ ಹಾಕುವವನು ಬಂದ. ಕಾಶಿ ಕಣ್ಣು ಮುಚ್ಚಿ ತೋಳು ಚಾಚಿದಳು. ದ್ಯಾಮ್ಯಾ ಮಾತ್ರ ಹೋಗಿ ಗೋದುಬಾಯಿಯ ಸೀರೆಯೊಳಗೆ ಅಡಗಿದ. “ನೋಡ್ರಿ, ಬಚ್ಚಿಟ್ಟೀರಿ!” ಎಂದ ದೇವಿ ಹಾಕುವವನು. “ಹೌದಪಾ, ಇವತ್ತ ಖರೇನ ಬಚ್ಚಿಟ್ಟೇನಿ,” ಎಂದು ಗೋದುಬಾಯಿ ದ್ಯಾಮ್ಯಾನ ತೋಳನ್ನು ಹೊರಗೆಳೆದು ಕೊಟ್ಟಳು.

ರವಿವಾರ ಬೆಳಿಗ್ಗೆ ಕಾಶಿಗೆ ಎಚ್ಚರವಾದದ್ದು ಗದ್ದಲದಿಂದ. ಅಂಗಳದ ನಳಕ್ಕೆ ನೀರು ಬಂದಿತ್ತು.

“ಏ ಬಾಯಿ! ನನ್ನ ಕೊಡಾ ಯಾಕ ಸರಿಸಿದಿ? ನಾ ಮುಂದಿದ್ದೆ! ಕೋಳಿ ಕೂಗೂಕಿಂತ ಮೊದಲ ಬಂದು ನಿಂತೇನಿ!”

ಯಾರ ದನಿ ಇದು? ಕಾಶಿ ಕಂಬಳಿಯಿಂದ ತಲೆ ಹೊರಗೆ ಹಾಕಿದಳು. ಅವ್ವನ ದನಿ! ಫಿಟರನ ಹೆಂಡತಿ ಮಲಯಾಳದಲ್ಲಿ ಉತ್ತರ ಕೊಟ್ಟಳು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದಿದ್ದರೂ ಜಗಳ ಎಲ್ಲೂ ತಡವರಿಸದೆ ಸರಾಗವಾಗಿ ನಡೆದಿತ್ತು. ಅಡುಗೆಮನೆಯಿಂದ ಗೋದುಬಾಯಿ ಮರಾಠಿಯಲ್ಲಿ ಇಬ್ಬರನ್ನೂ ಬೈಯುತ್ತಿದ್ದಳು. ಮರುಗಳಿಗೆಯಲ್ಲಿ ಮೂವರೂ ನಗುತ್ತಿದ್ದರು.

ಕಾಶಿ ಸೂರು ನೋಡುತ್ತ ಮಲಗಿದಳು. ದೊಡ್ಡಪ್ಪನ ಮನೆಯಲ್ಲಿ ಅವ್ವ ತಟ್ಟೆಯನ್ನೂ ಸಪ್ಪಳವಾಗದಂತೆ ಇಡುತ್ತಿದ್ದಳು. ದ್ಯಾಮ್ಯಾ ಅತ್ತರೆ ಅವನ ಬಾಯಿಗೆ ಸೆರಗು ಒತ್ತುತ್ತಿದ್ದಳು. ನಾಲ್ಕು ತಿಂಗಳು ಅವ್ವ ಪಿಸುಮಾತಿನಲ್ಲೇ ಬದುಕಿದ್ದಳು. ಅದು ಕಾಶಿಗೆ ಇವತ್ತು ಕೇಳಿಸಿತು.

ಅವಳು ಕಂಬಳಿ ಒದ್ದು ಎದ್ದು ಕೂತಳು.

“ಅವ್ವಾ! ಇನ್ನೊಂದ ಕೊಡಾ ತರ್ಲೇನು?” ಎಂದು ಖೋಲಿಯೊಳಗಿನಿಂದಲೇ ಕೂಗಿದಳು. ನಳ ಬಾಗಿಲ ಹೊರಗೇ ಇತ್ತು. ಅಷ್ಟು ಜೋರಾಗಿ ಕೂಗುವ ಅಗತ್ಯವೇನೂ ಇರಲಿಲ್ಲ.