ಮೆಟ್ಟಿಲ ತುದಿಯ ಬಾಗಿಲು

ಪೊರಕೆ ಇಡಲು ಜಾಗ ಹುಡುಕುತ್ತಾ ಟಾಮ್ಸಿನ್ ಮೆಟ್ಟಿಲ ತುದಿಯ ಪುಟ್ಟ ಬಾಗಿಲನ್ನು ತಳ್ಳಿದಳು.

ಒಳಗೊಬ್ಬ ಗಂಡಸು ನಿಂತಿದ್ದ! ಸೊಂಟಕ್ಕೆ ಟವೆಲ್, ಬಾಯ್ತುಂಬ ಪೇಸ್ಟಿನ ನೊರೆ!

"ಅಯ್ಯೋ ದೇವರೇ! ಕಳ್ಳ... ಕಳ್ಳ!" ಅವಳು ಪೊರಕೆ ಎತ್ತಿದಳು.

"ನಾನ್ಯಾಕ್ರೀ ಕಳ್ಳ? ನನ್ನ ಬೆಡ್‌ರೂಮಿಗೆ ನುಗ್ಗಿರೋರು ನೀವು!"

"ನಿಮ್ಮ ಬೆಡ್‌ರೂಮಾ? ಈ ಮನೆ ನಾನು ಕೊಂಡ್ಕೊಂಡಿದ್ದೀನಿ! ನಿನ್ನೆ ತಾನೇ ಬೀಗದ ಕೈ ಸಿಕ್ಕಿದೆ!"

"ಮನೆ ನಿಮ್ದೇ. ಈ ರೂಮ್ ಮಾತ್ರ ನಂದು. ನಿಮ್ಮ ಅಡುಗೆಮನೆ ಮೇಲೇ ನನ್ನ ಮಂಚ ಇರೋದು. ವಕೀಲರು ಹೇಳ್ಲಿಲ್ವಾ?"

ಹೇಳಿದ್ದರು. ನೆದರ್ ಕ್ವೆನ್ಬಿ ಹಳ್ಳಿಯ ಆ ಹಳೆಯ ಕಲ್ಲಿನ ಮನೆ ಒಂದು ಕಾಲಕ್ಕೆ ಒಂದೇ ಆಗಿತ್ತು, ಆಮೇಲೆ ಎರಡಾಯಿತು, ಪಕ್ಕದವರ ಒಂದು ಕೋಣೆ ಅವಳ ಅಡುಗೆಮನೆಯ ಮೇಲೆಯೇ ಉಳಿದುಕೊಂಡಿತು. ಇದೆಲ್ಲ ಅವಳಿಗೆ ಗೊತ್ತಿತ್ತು. ನಡುವೆ ಬಾಗಿಲೊಂದಿದೆ ಎಂದು ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ! ಮನೆ ನೋಡಲು ಬಂದಾಗ ಅದಕ್ಕೆ ಅಡ್ಡಲಾಗಿ ಹಳೆಯ ಒಡತಿಯ ಕಂಬಳಿ ಪೆಟ್ಟಿಗೆ ನಿಂತಿತ್ತು.

ಟಾಮ್ಸಿನ್ ಪೊರಕೆ ಕೆಳಗಿಳಿಸಲಿಲ್ಲ. ಅವಳು ಬೆಳೆದದ್ದು ಬ್ರಿಸ್ಟಲ್‌ನ ಬಾಡಿಗೆ ಕೋಣೆಗಳಲ್ಲಿ. ಮಾಲೀಕನ ಹತ್ತಿರ ಇನ್ನೊಂದು ಕೀ ಇರುತ್ತಿತ್ತು. ಅಮ್ಮ ಮಲಗಿದ್ದರೂ ಸರಿ, ಹೇಳದೆ ಕೇಳದೆ ಒಳಗೆ ಬರುತ್ತಿದ್ದ. ಬೇರೆ ಯಾರೂ ತೆರೆಯಲಾಗದ ಬಾಗಿಲಿನ ಮನೆ... ಪಠ್ಯಪುಸ್ತಕಗಳಿಗೆ ಚಿತ್ರ ಬರೆದು ಬರೆದು ಅವಳು ಕೂಡಿಟ್ಟದ್ದು ಅದೊಂದಕ್ಕೇ. ಈಗ ನೋಡಿದರೆ ಇದು!

ಅವನು ಅಂಗಿ ತೊಟ್ಟು ಬಂದ. ಅವಳ ಕೈಯಲ್ಲಿ ನಡುಗುತ್ತಿದ್ದ ಪೊರಕೆಯನ್ನು ನೋಡಿ ಹೊಸಿಲಿನ ಆಚೆಯೇ ನಿಂತ.

"ನಾನು ರೂಫಸ್. ಈ ಕಡೆ ಕುರಿ, ದನಗಳ ಡಾಕ್ಟ್ರು. ಮೊದಲಿದ್ದ ಅಜ್ಜಿ ಬಿದ್ರೆ ಗಿದ್ರೆ ಕೂಗ್ಲಿ ಅಂತ ಈ ಬಾಗಿಲ ಚಿಲಕ ಹಾಕ್ತಾನೇ ಇರ್ಲಿಲ್ಲ. ಹತ್ತು ನಿಮಿಷ ಕೊಡಿ, ಚಿಲಕ ಸರಿ ಮಾಡ್ತೀನಿ."

ಅವಳು ಕೆಳಗಿಳಿದು ಟೀಗೆ ನೀರಿಟ್ಟಳು. ಮತ್ತೆ ಮೇಲೆ ಬಂದಾಗ ಬಾಗಿಲು ಮುಚ್ಚಿತ್ತು. ಅವಳ ಕಡೆ ಗಟ್ಟಿ ಕಬ್ಬಿಣದ ಚಿಲಕವಿತ್ತು. ಅದನ್ನು ಠಪ್ಪನೆ ಜಡಿದಳು. ಆದರೂ ಸಮಾಧಾನವಾಗಲಿಲ್ಲ. ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಲು ಆ ವಾರವೇ ಊರ ಸಭೆಯ ಕಚೇರಿಗೆ ಅರ್ಜಿ ಹಾಕಿದಳು. ಸರ್ಕಾರ ಕಾಪಾಡುವ ಅಂಥ ಹಳೆಯ ಮನೆಗಳಲ್ಲಿ ಅನುಮತಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ!

ಕಚೇರಿಯವರು ತಮ್ಮ ಪಾಡಿಗೆ ತೆವಳಿದರು. ಇತ್ತ ಬಾಗಿಲಿನ ಮೇಲೆ ದಿನಾ ಸಂಜೆ ಟಕ್ ಟಕ್...

"ಟಾಮ್ಸಿನ್, ಮೊಟ್ಟೆ ಬೇಕಾ? ಒಬ್ಬ ರೈತ ಬುಟ್ಟಿ ತುಂಬ ಕೊಟ್ಬಿಟ್ಟಿದ್ದಾನೆ."

"ಚಿಲಕ ತೆಗೀಬೇಕಾ?"

"ನಿಮ್ಮಿಷ್ಟ. ಬೇಡ ಅಂದ್ರೆ ಮುಂಬಾಗಿಲ ಹತ್ರ ಇಟ್ಟು ಹೋಗ್ತೀನಿ."

ಅವಳು ತೆಗೆದಳು. ಮರುದಿನವೂ ತೆಗೆದಳು. ಆಮೇಲಾಮೇಲೆ ಹೊಸಿಲಿನ ಈಚೆ ಅವಳು, ಆಚೆ ಅವನು, ನಡುವೆ ಎರಡು ಮಗ್ ಟೀ. ಒಂದು ದಿನವೂ ಅವನು ಹೊಸಿಲು ದಾಟಲಿಲ್ಲ. ಕುರಿಮರಿ ಒದ್ದ ಕಥೆ ಹೇಳಿ ಅವಳನ್ನು ನಗಿಸುತ್ತಿದ್ದ. ಅರ್ಜಿಯ ಸಂಗತಿ ಅವಳ ತಲೆಯಿಂದಲೇ ಹಾರಿಹೋಯಿತು. ಪ್ರೀತಿಗೆ ಬಿದ್ದವರಿಗೆ ಏನು ತಾನೇ ನೆನಪಿರುತ್ತದೆ, ಹೇಳಿ!

ಒಂದು ಸಂಜೆ ಬಾಗಿಲು ಸದ್ದು ಮಾಡಲಿಲ್ಲ. ಮರುದಿನವೂ ಇಲ್ಲ. ಟೀ ಆರಿಹೋಯಿತು.

ಅಂಗಡಿಗೆ ಹೋದರೆ ಮಿಸೆಸ್ ಆಡ್ಲಮ್ ಕನ್ನಡಕದ ಮೇಲಿಂದ ನೋಡಿದರು. ಅಂಗಡಿಯೂ ಅವರದೇ, ಊರ ಸಭೆಯ ಅಧ್ಯಕ್ಷತೆಯೂ ಅವರದೇ.

"ಏನಮ್ಮಾ, ಪಾಪ, ಅಂಥ ಒಳ್ಳೇ ಹುಡುಗನಿಗೆ ಅಡ್ಡ ಗೋಡೆ ಕಟ್ತೀಯಂತೆ? ದೀಪದ ಕಂಬಕ್ಕೆ ನೋಟಿಸ್ ಕಟ್ಟಿದ್ದಾರೆ!"

ಟಾಮ್ಸಿನ್ ಕೈಯಿಂದ ಬ್ರೆಡ್ ಜಾರಿತು! ಓಡಿದಳು. ಕಂಬದ ಮೇಲೆ ಅವಳದೇ ಹೆಸರು... ಇದನ್ನು ಅವನು ಓದಿದ್ದಾನೆ!

ಮೊದಲ ಸಲ ಅವಳೇ ಹೋಗಿ ಬಾಗಿಲು ತಟ್ಟಿದಳು. ಅತ್ತ ಯಾರೂ ಓಗೊಡಲಿಲ್ಲ. ಕುರಿಗಳು ಮರಿ ಹಾಕುವ ಕಾಲ, ಅವನು ಯಾವ ದೊಡ್ಡಿಯಲ್ಲಿದ್ದನೋ!

ಅರ್ಜಿ ತೀರ್ಮಾನಿಸುವ ಸಭೆಯ ದಿನ ಊರಿಗೆ ಊರೇ ಬಂದು ಕೂತಿತ್ತು. ಒಂದು ಬಾಗಿಲಿಗೆ!

ರೂಫಸ್ ಎದ್ದು ನಿಂತ. ಅವಳತ್ತ ನೋಡಲೇ ಇಲ್ಲ.

"ನನ್ನ ಆಕ್ಷೇಪ ಇಲ್ಲ. ಮುಚ್ಚಲಿ. ನನ್ನ ಕಡೆ ಗಾರೆ ನಾನೇ ಹಚ್ಕೋತೀನಿ."

ಟಾಮ್ಸಿನ್ ತಟ್ಟನೆ ಎದ್ದಳು. ಇಷ್ಟು ಸುಲಭವಾಗಿ?! ಹಾಗಾದರೆ ಆ ಟೀ, ಆ ನಗು... ಏನೂ ಅಲ್ಲವೇ?

"ನನ್ನ ಆಕ್ಷೇಪ ಇದೆ!" ತನ್ನ ದನಿ ಕೇಳಿ ಅವಳೇ ಬೆಚ್ಚಿದಳು.

"ಅರ್ಜಿ ಹಾಕಿದ್ದೇ ನೀನಲ್ವೇನಮ್ಮಾ?" ಎಂದರು ಅಧ್ಯಕ್ಷರ ಕುರ್ಚಿಯಿಂದ ಮಿಸೆಸ್ ಆಡ್ಲಮ್.

"ಹೌದು! ನನ್ನ ಅರ್ಜಿಗೆ ನನ್ನದೇ ಆಕ್ಷೇಪ!"

"ಕಾರಣ ಹೇಳ್ಬೇಕು. ಗಾಳಿ ಬೆಳಕು, ಚರಂಡಿ, ಕಾರು ನಿಲ್ಸೋ ಜಾಗ, ಹಳೇ ಕಟ್ಟಡದ ಮಹತ್ವ... ಯಾವ್ದು?"

"ಪ್ರೀತಿ!"

ಹಿಂದೆ ಯಾರದೋ ಬಿಸ್ಕತ್ತು ಟೀಯೊಳಗೆ ಬಿತ್ತು.

"ಅದು ಪಟ್ಟೀಲಿಲ್ಲಮ್ಮಾ," ಎಂದರು ಮಿಸೆಸ್ ಆಡ್ಲಮ್, ಮೆಲ್ಲಗೆ.

"ಹಾಗಿದ್ರೆ ಹಳೇ ಕಟ್ಟಡದ ಮಹತ್ವ ಅಂತಲೇ ಬರ್ಕೊಳ್ಳಿ!"

ಸಭೆ ಗೊಳ್ಳೆಂದಿತು. ರೂಫಸ್ ಮಾತ್ರ ನಗಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಸರಸರನೆ ಹೊರಗೆ ನಡೆದುಬಿಟ್ಟ!

ಮುಗಿಯಿತು... ಊರೆದುರು ಅವನ ಮಾನ ಕಳೆದೆ. ಟಾಮ್ಸಿನ್ ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಬಂದಳು. ಕೋಟು ಬಿಚ್ಚುತ್ತಿದ್ದಂತೆ ಮೇಲಿನಿಂದ...

ಟಕ್ ಟಕ್.

ಎರಡೆರಡು ಮೆಟ್ಟಿಲು ಹಾರಿ ಹೋಗಿ ಚಿಲಕ ಎಳೆದಳು.

"ಅಷ್ಟು ಜನರ ಮುಂದೆ ಬಾಯೇ ಬರ್ಲಿಲ್ಲ," ಅವನ ಕಣ್ಣು ತುಂಬಿತ್ತು. "ನಂಗೆ ಮಾತು ಬರೋದು ಇಲ್ಲೇ."

ಅವಳು ಮೊದಲ ಬಾರಿಗೆ ಹೊಸಿಲು ದಾಟಿದಳು. ಹಿಂದೆ ಬಾಗಿಲು ಮುಚ್ಚಿದಳು. ಮುಚ್ಚಿದವಳೇ ಸ್ತಬ್ಧಳಾಗಿ ನಿಂತುಬಿಟ್ಟಳು!

ಬಾಗಿಲಿನ ಆ ಮೈಯಲ್ಲಿ ಚಿಲಕದಷ್ಟೇ ಉದ್ದದ ಬಿಳಿ ಗುರುತು. ಸುತ್ತ ಖಾಲಿ ಸ್ಕ್ರೂ ತೂತುಗಳು.

"ಚಿಲಕ... ಇಲ್ಲಿತ್ತಾ? ನಿಮ್ಮ ಕಡೆ?"

"ಹೂಂ."

"ಯಾಕೆ ಕಿತ್ರಿ?"

"ನೀವು ನಡುಗ್ತಾ ಇದ್ರಿ. ನಂಗೇನೂ ಭಯ ಇರ್ಲಿಲ್ಲ."

"ಮತ್ತೆ ಸಭೇಲಿ ಮುಚ್ಚಲಿ ಅಂದ್ರಲ್ಲಾ!"

"ಚಿಲಕ ಕೊಟ್ಟ ಮೇಲೂ ಗೋಡೆ ಬೇಕು ಅಂದ್ರೆ... ನಿಮ್ಮ ಭಯವೇ ನಾನು ಅಂದ್ಕೊಂಡೆ."

ಟಾಮ್ಸಿನ್ ಬಿಕ್ಕಿ ಬಿಕ್ಕಿ ಅತ್ತಳು. ಅತ್ತದ್ದು ಅವನ ಅಂಗಿಗೆ ಮುಖ ಒತ್ತಿಕೊಂಡು. ಅದು ಕುರಿ ವಾಸನೆ ಹೊಡೆಯುತ್ತಿತ್ತು, ಅವಳಿಗೆ ಬೇಕಿದ್ದದ್ದೂ ಅದೇ.

"ಆ ಚಿಲಕ ಕಿತ್ತು ಬಿಸಾಕೋಣ," ಎಂದಳು ಕೊನೆಗೆ.

"ಅದಕ್ಕೂ ಅನುಮತಿ ಬೇಕು. ಆವತ್ತು ನಾನು ಹಾಕಿದ್ದೇ ಕದ್ದು!"

"ಹಾಗಾದ್ರೆ ಮೊದಲನೇ ದಿನ ಸರಿಯಾಗೇ ಕರ್ದಿದ್ದೆ. ಕಳ್ಳ!" ಅವಳು ಅಳುತ್ತಲೇ ನಕ್ಕಳು. "ಇನ್ಮೇಲೆ ತಟ್ಬೇಡ. ಸುಮ್ನೆ ಬಾ."

"ತಟ್ತೀನಿ," ಅವನು ಅವಳ ಹಣೆಗೆ ಹಣೆ ತಾಗಿಸಿದ. "ಒಳಗಿಂದ ನೀನು 'ಬಾ' ಅನ್ನೋದು ಕೇಳಬೇಕು."